ಆರೂ ಹತ್ತರ ಕೇಳುಗ

ನಮ್ಮೂರಿನಲ್ಲಿ ಐವತ್ತೊಂದು ತುಂಬಿದ ದಿನ ಮನುಷ್ಯರ ದನಿ ಹೋಗುತ್ತದೆ. ನೋವಿಲ್ಲ, ಕೆಮ್ಮಿಲ್ಲ. ಹಿಂದಿನ ದಿನ ಸಾರಿಗೆ ಉಪ್ಪು ಸಾಲದೆಂದು ಜಗಳ ತೆಗೆದವರು ಮರುದಿನ ಎದ್ದು ಬಾಯಿ ತೆರೆದರೆ ಬರೀ ಉಸಿರು ಬರುತ್ತದೆ. ಊರು ಬಿಟ್ಟು ಬೇರೆಡೆ ನೆಲೆಸಿದವರದೂ ಅದೇ ದಿನ ಹೋಗುತ್ತದೆ. ಹಾಗಾಗಿ ಆ ಕಾರಣಕ್ಕೆ ಯಾರೂ ಊರು ಬಿಡುವುದಿಲ್ಲ. ಆ ವಯಸ್ಸು ದಾಟಿದವರ ಕೊರಳಲ್ಲಿ ದಾರಕ್ಕೆ ಕಟ್ಟಿದ ಅಂಗೈಯಗಲದ ಪಾಟಿ ಇರುತ್ತದೆ, ಬರೆಯಲು ಒಂದು ತುಂಡು ಬಳಪ. ಸಂತೆಯಲ್ಲಿ ಕಾಯಿಪಲ್ಲೆ ಮಾರುವ ಮುದುಕಿಯರು ತಕ್ಕಡಿಯ ತಟ್ಟೆ ಬಾರಿಸಿ ದರ ಹೇಳುತ್ತಾರೆ. ಹೆಣ್ಣು ಗಂಡು ನೋಡುವಾಗ ಜಾತಕಕ್ಕಿಂತ ಮೊದಲು ಹುಟ್ಟಿದ ವರ್ಷ ಕೇಳುತ್ತಾರೆ. ಒಂದೇ ವಯಸ್ಸಿನವರನ್ನು ಕೂಡಿಸಿದರೆ ಮನೆ ಒಂದೇ ಸಲಕ್ಕೆ ಮೂಕಾಗುತ್ತದಲ್ಲ. ಒಬ್ಬರದು ಹೋದ ಮೇಲೂ ಇನ್ನೊಬ್ಬರದು ಕೆಲವು ವರ್ಷ ಉಳಿದಿರಬೇಕು. ಆ ಲೆಕ್ಕದಲ್ಲಿಯೇ ನನಗಿಂತ ಮೂರು ವರ್ಷ ದೊಡ್ಡವಳಾದ ಕಸ್ತೂರಿಯನ್ನು ನಮ್ಮ ಮನೆಗೆ ತಂದುಕೊಂಡರು.

ನನ್ನ ಹೆಸರು ಚನ್ನವೀರ. ಸ್ಟೇಷನ್ ರಸ್ತೆಯಲ್ಲಿ ಸುಟ್ಟುಹೋದ ಮೋಟಾರುಗಳಿಗೆ ಹೊಸ ತಂತಿ ಸುತ್ತಿಕೊಡುವ ಅಂಗಡಿ ನನ್ನದು. ಕಸ್ತೂರಿ ಕನ್ನಡ ಶಾಲೆಯಲ್ಲಿ ಅಕ್ಕೋರು. ಅವಳು ಕಥೆ ಹೇಳುತ್ತಾಳೆಂದರೆ ಪಕ್ಕದ ತರಗತಿಯ ಹುಡುಗರು ಕಿಟಕಿಗೆ ಜೋತುಬೀಳುತ್ತಿದ್ದರು. ಆ ದನಿಯ ಬಗ್ಗೆ ನಾನೇನೂ ಹೇಳುವುದಿಲ್ಲ. ಹೇಳಿದರೆ ಇಷ್ಟು ವರ್ಷ ಅದನ್ನು ಗಮನಿಸಿ ಕೇಳಿದ್ದೆ ಎಂದು ನೀವು ತಿಳಿದುಬಿಡುತ್ತೀರಿ.

ದನಿ ಹೋಗುವ ಮೊದಲು ಅದನ್ನು ಅಷ್ಟಿಷ್ಟು ತುಂಬಿಟ್ಟುಕೊಳ್ಳುವುದು ನಮ್ಮೂರಿನ ರೂಢಿ. ಒಬ್ಬರು ಎರಡು ಹಾಡು, ಇನ್ನೊಬ್ಬರು ಮೊಮ್ಮಕ್ಕಳ ಹೆಸರು, ಹೀಗೆ. ಕಸ್ತೂರಿ ಮುನ್ನೂರು ಕಥೆ ತುಂಬಿಟ್ಟಳು. ನಾಲ್ಕು ವರ್ಷ ಪ್ರತಿ ಸಂಜೆ ಐದರಿಂದ ಏಳರವರೆಗೆ ಹಿಂದಿನ ಕೋಣೆಯ ಬಾಗಿಲು ಹಾಕಿಕೊಂಡು ಮೈಕಿನ ಮುಂದೆ ಕೂರುತ್ತಿದ್ದಳು. ಆ ಎರಡು ತಾಸು ಮನೆಯಲ್ಲಿ ಟಿವಿ ಇಲ್ಲ, ಮಿಕ್ಸರ್ ಇಲ್ಲ, ನಾನು ಸೀನುವಂತಿಲ್ಲ. ಶನಿವಾರ ಅವಳ ಶಾಲೆಯ ಗಣಿತದ ಮಾಸ್ತರ ಜಿನದತ್ತ ಬರುತ್ತಿದ್ದ. ಕಥೆಗಳನ್ನೆಲ್ಲ ಇಡಲು ಒಂದು ಸಣ್ಣ ಕರಿ ಕಂಪ್ಯೂಟರು ಕೂರಿಸಿ, ಊರಿನವರು ತಮ್ಮ ತಮ್ಮ ಫೋನಿನಲ್ಲಿ ಕೇಳುವ ಹಾಗೆ ಮಾಡಿಕೊಟ್ಟವನು ಅವನೇ. ಅದಕ್ಕೆ ಅವರಿಬ್ಬರೂ ಸರ್ವರ್ ಎನ್ನುತ್ತಿದ್ದರು. ಬಾಗಿಲ ಹಿಂದೆ ಅವಳು ನನ್ನೊಡನೆ ಎಂದೂ ಆಡದಷ್ಟು ನಿಧಾನವಾಗಿ, ಪುರುಸೊತ್ತಿನಿಂದ ಮಾತಾಡುವುದು ಕೇಳುತ್ತಿತ್ತು. ನಾನು ಚಹಾ ತಂದು ಬಾಗಿಲು ತಟ್ಟಬೇಕು. ಒಳಗೆ ಒಮ್ಮೆಲೇ ಮಾತು ನಿಲ್ಲುತ್ತಿತ್ತು. ದಾಖಲಾಗುತ್ತಿದ್ದುದು ಕೆಡಬಾರದೆಂದು ನಿಲ್ಲಿಸುತ್ತಿದ್ದಾರೆಂದು ನನಗೂ ಗೊತ್ತಿತ್ತು. ಆದರೂ ಕಪ್ಪು ಕೊಟ್ಟು ಹೊರಬರುವಾಗ ಎದೆಯಲ್ಲಿ ಮುಳ್ಳು ಮುರಿದ ಹಾಗಾಗುತ್ತಿತ್ತು. ಏಳು ಗಂಟೆಗೆ ಅವಳು ಗಂಟಲು ನೋಯುತ್ತದೆಂದು ಬಿಸಿನೀರು ಕುಡಿದು ಹೆಚ್ಚಾಗಿ ಸುಮ್ಮನೆ ಕೂರುತ್ತಿದ್ದಳು. ಇಡೀ ಊರಿಗೆ ಹಂಚಿ ಮಿಕ್ಕ ದನಿ ನನಗೆ.

ಅವಳ ದನಿ ಹೋಗಿ ಈಗ ಹದಿನಾಲ್ಕು ತಿಂಗಳು. ಅವಳು ಅತ್ತದ್ದನ್ನು ನಾನು ನೋಡಲಿಲ್ಲ. ಮರುದಿನವೇ ಪಾಟಿ ಕೊರಳಿಗೆ ಹಾಕಿಕೊಂಡು ಶಾಲೆಯ ಗ್ರಂಥಾಲಯದ ಕೆಲಸಕ್ಕೆ ಹೊರಟಳು. ‘ಒಳ್ಳೇದಾತು, ಗಂಟಲಿಗೆ ರಜಾ’ ಎಂದು ಬರೆದು ತೋರಿಸಿ ನಕ್ಕಳು. ಬೆಳಿಗ್ಗೆ ವಾಕಿಂಗ್ ಹೋಗುವ ಹೊಸ ರೂಢಿಯೊಂದನ್ನು ಮಾಡಿಕೊಂಡಳು, ಅಷ್ಟೇ. ಸರ್ವರ್ ಮಾತ್ರ ಅಲ್ಮೇರಿಯ ಮೇಲೆ ಕೂತು ಹಗಲೂ ರಾತ್ರಿ ಹಸಿರು ದೀಪ ಮಿಟುಕಿಸುತ್ತ ಅವಳ ಮಾತನ್ನು ಊರಿಗೆಲ್ಲ ಉಣಿಸುತ್ತಿತ್ತು. ಹಾಸ್ಟೆಲಿನ ಮಕ್ಕಳು, ಬೀಡಿ ಕಟ್ಟುವ ಹೆಂಗಸರು, ದರ್ಜಿಗಳು ಎಲ್ಲರೂ ಕೇಳುತ್ತಿದ್ದರು. ಬಸ್ಸಿನಲ್ಲಿ ಪಕ್ಕ ಕೂತವನ ಫೋನಿನಿಂದ ನನ್ನ ಹೆಂಡತಿಯ ದನಿ ಬಂದು ನಾನು ಎದ್ದು ಬೇರೆ ಸೀಟಿಗೆ ಹೋದದ್ದೂ ಉಂಟು. ಆ ಮುನ್ನೂರರಲ್ಲಿ ಒಂದನ್ನೂ ನಾನು ಪೂರ್ತಿ ಕೇಳಿರಲಿಲ್ಲ. ಹಟ.

ಒಂದು ಮಂಗಳವಾರ ಗುಡುಗು ಮಿಂಚಿಗೆ ನಮ್ಮ ಮನೆಯ ರೌಟರ್ ಸುಟ್ಟಿತು. ಬಸ್‌ಸ್ಟ್ಯಾಂಡಿನ ಹತ್ತಿರ ಶಮೀಮಕ್ಕನ ಅಂಗಡಿಯಿಂದ ಹೊಸದನ್ನು ತಂದೆ. ಹಳೆಯದರ ಹೆಸರನ್ನೂ ಪಾಸ್‌ವರ್ಡನ್ನೂ ಅದಕ್ಕೇ ಕೊಟ್ಟೆ. ಫೋನಿಗೆ ಇಂಟರ್ನೆಟ್ ಬಂತು, ಟಿವಿಗೂ ಬಂತು. ಯಾರ ಸಹಾಯವೂ ಇಲ್ಲದೆ ಮಾಡಿದೆನೆಂದು ಹಿಗ್ಗಿದೆ. ಮರುದಿನ ಬೆಳಿಗ್ಗೆ ವಾಕಿಂಗ್ ಮುಗಿಸಿ ಬಂದ ಕಸ್ತೂರಿ ಚಪ್ಪಲಿಯನ್ನೂ ಬಿಡದೆ ನನ್ನ ಮುಂದೆ ಪಾಟಿ ಹಿಡಿದಳು. ‘ಸರ್ವರ್ ಹೊರಗ ಸಿಗವಲ್ದು.’

"ನಿನಗ ಯಾರ ಹೇಳಿದ್ರು?"

ಒಂದು ಗಳಿಗೆ ತಡೆದು ಬರೆದಳು. ‘ಕೇಳವ್ರು.’

ನಾನು ಸ್ಟೂಲು ಹತ್ತಿದೆ. ಕೇಬಲ್ ಬಿಚ್ಚಿ ಮತ್ತೆ ಸಿಕ್ಕಿಸಿದೆ. ಬೇರೆ ಕೇಬಲ್ ಹಾಕಿದೆ. ರೌಟರಿನ ನಾಲ್ಕೂ ತೂತುಗಳಲ್ಲಿ ಒಂದೊಂದಾಗಿ ಸಿಕ್ಕಿಸಿ ನೋಡಿದೆ. ಸರ್ವರನ್ನು ಆರಿಸಿ, ಇಪ್ಪತ್ತು ಎಣಿಸಿ, ಮತ್ತೆ ಹಚ್ಚಿದೆ. ದೀಪಗಳೆಲ್ಲ ಸರಿಯಾಗಿಯೇ ಮಿಟುಕುತ್ತಿದ್ದವು. ವಿಚಿತ್ರವೆಂದರೆ ಮನೆಯೊಳಗಿನಿಂದ ನನ್ನ ಫೋನಿನಲ್ಲಿ ಕಥೆಗಳ ಪಟ್ಟಿ ತೆರೆಯುತ್ತಿತ್ತು. ಅಂಗಳ ದಾಟಿ ಮನೆಯ ವೈಫೈ ಬಿಟ್ಟು ನೋಡಿದರೆ ಬಿಳಿ ಪರದೆ. ಮನೆಯಲ್ಲಿ ಉಳಿದದ್ದಕ್ಕೆಲ್ಲ ಇಂಟರ್ನೆಟ್ ಇದೆ, ಅದೊಂದಕ್ಕೆ ಇಲ್ಲ.

ಕಸ್ತೂರಿ ಬರೆದಳು. ‘ಜಿನದತ್ತ ಸರ್‌ಗ ಹೇಳೂಣು.’

"ಬ್ಯಾಡ."

‘ಅವರೇ ಕೂಡಿಸಿದ್ದು.’

"ಬ್ಯಾಡ ಅಂದೆ. ಮೋಟಾರ್ ಬಿಚ್ಚಿ ಕೂಡಸಾಂವ ನಾ. ಇದೊಂದು ಡಬ್ಬಿ ನನಗ ಬಗ್ಗೂದಿಲ್ಲೇನು?"

ಅವಳು ಪಾಟಿ ಒರೆಸಿ ಒಳಗೆ ಹೋದಳು. ದನಿ ಇದ್ದ ಕಾಲವಾಗಿದ್ದರೆ ಇನ್ನೂ ನಾಲ್ಕು ಮಾತು ಆಗುತ್ತಿದ್ದವು. ಪಾಟಿಯಲ್ಲಿ ಜಗಳ ಬಹಳ ಹೊತ್ತು ನಡೆಯುವುದಿಲ್ಲ.

ಗುರುವಾರ ಅಂಗಡಿ ಮುಚ್ಚಿ ಶಮೀಮಕ್ಕನ ಹತ್ತಿರ ಹೋದೆ. ಆಕೆಗೆ ನಲವತ್ತೆಂಟು, ದನಿ ಹೋಗುವುದರೊಳಗೆ ಎಲ್ಲವನ್ನೂ ಹೇಳಿಬಿಡಬೇಕೆಂಬ ಅವಸರ. ನಾನು ಹೇಳಿದ್ದನ್ನು ಅರ್ಧ ಕೇಳಿಯೇ ನಕ್ಕಳು.

"ಅಣ್ಣಾ, ನಿಮ್ಮ ಫೋನು, ಟಿವಿ ಅವೆಲ್ಲಾ ಹೊಸ ರೌಟರನ್ನ ಕೇಳಿ ತಿಳ್ಕೊಂತಾವು, ಹೊರಗ ಹೋಗೂ ದಾರಿ ಯಾವುದು ಅಂತ. ನಿಮ್ಮ ಸರ್ವರ್ ಯಾರನ್ನೂ ಕೇಳೂದಿಲ್ಲ. ಅದಕ್ಕ ಯಾರೋ ಕೈಲೇ ಬರದಿಟ್ಟಾರ, ದಾರಿ ಇಂಥಾ ನಂಬರ್ ಕಡೆ ಐತಿ ಅಂತ. ಹಳೇ ರೌಟರ್ ನಂಬರ್ ಏನಿತ್ತು?"

"ಕಡೀಕ ಒಂದು ಇತ್ತು."

"ಹೊಸದರದು ಇನ್ನೂರಾ ಐವತ್ನಾಕು. ನಾನೇ ಮಾರಿನಲ್ಲ, ನನಗ ಗೊತ್ತು. ಪಾಪ ಅದು ಇಲ್ಲದ ಮನಿ ಬಾಗಿಲಾ ಬಡೀತಾ ಕುಂತೈತಿ. ಗೇಟ್‌ವೇ ಅಂತ ಇರ್ತೈತಿ ನೋಡ್ರಿ, ಅಲ್ಲೆ ಬದಲಿ ಮಾಡ್ರಿ. ಅಷ್ಟಕ್ಕ ಮುಗೀಲಿಲ್ಲ ಮತ್ತ. ಅದು ಒಳಗಿಂದ ಹೊರಗ ಹೋಗೂ ಮಾತಾತು. ಹೊರಗಿನವ್ರು ಒಳಗ ಬರಬೇಕಂದ್ರ ಹೊಸ ರೌಟರಿಗೂ ಹೇಳಬೇಕು, ಇಂಥಾ ಪೋರ್ಟ್ ನಂಬರಿಗೆ ಬಂದವ್ರನ್ನ ಸರ್ವರ್ ಕಡೆ ಕಳಸು ಅಂತ. ಯಾವ ಪೋರ್ಟ್ ಅಂತ ಸರ್ವರಿನ ಲಾಗ್ ತೆಗದ್ರ ಸಿಗ್ತೈತಿ. ಯಾರ್ ಬಂದ್ರು, ಎಷ್ಟಕ್ಕ ಬಂದ್ರು, ಎಲ್ಲಾ ಬರಕೊಂಡಿರ್ತೈತಿ ಅದು."

ಮನೆಗೆ ಬಂದಾಗ ಕಸ್ತೂರಿ ಶಾಲೆಯಲ್ಲಿದ್ದಳು. ಸರ್ವರಿಗೆ ಟಿವಿ ಜೋಡಿಸಿ ಅದರ ಸೆಟ್ಟಿಂಗು ತೆರೆದೆ. ಶಮೀಮಕ್ಕ ಹೇಳಿದ ಸಾಲು ಸಿಕ್ಕಿತು. ಕೊನೆಯಲ್ಲಿ ಒಂದು. ಅದರ ಮೇಲೆ ಒಂದು ಟಿಪ್ಪಣಿ ಇತ್ತು. ‘ದಯವಿಟ್ಟು ಇದನ್ನು ಬದಲಿಸಬೇಡಿ. ಜಿ.’ ನನ್ನ ಮನೆಯ ಅಲ್ಮೇರಿಯ ಮೇಲೆ, ನನ್ನ ಹೆಂಡತಿಯ ದನಿಯ ಬಾಗಿಲಲ್ಲಿ ಅವನದೊಂದು ಅಪ್ಪಣೆ! ಒಂದನ್ನು ಅಳಿಸಿ ಇನ್ನೂರಾ ಐವತ್ತನಾಲ್ಕು ಎಂದು ಕುಟ್ಟಿದೆ. ಟಿಪ್ಪಣಿಯನ್ನೂ ಅಳಿಸಿದೆ. ಹೊರಗಿನ ವಿಳಾಸವೊಂದನ್ನು ಕರೆದು ನೋಡಿದರೆ ಸರ್ವರಿಗೆ ಪಟಪಟನೆ ಉತ್ತರ ಬಂತು. ಒಬ್ಬನೇ ಚಪ್ಪಾಳೆ ತಟ್ಟಿಕೊಂಡೆ. ಇನ್ನು ಒಳಗೆ ಬರುವ ದಾರಿ ತೆರೆಯುವುದೊಂದೇ ಉಳಿದಿತ್ತು. ಪೋರ್ಟ್ ನಂಬರಿಗಾಗಿ ಲಾಗ್ ತೆರೆದೆ.

ನಂಬರ್ ಸಿಕ್ಕಿತು. ಜೊತೆಗೆ ಬೇರೆಯದೂ ಸಿಕ್ಕಿತು. ನೂರಾರು ಸಾಲುಗಳು, ನೂರಾರು ಜನ, ಬೇರೆ ಬೇರೆ ಹೊತ್ತು, ಬೇರೆ ಬೇರೆ ಕಥೆ. ಆದರೆ ದಿನಕ್ಕೊಂದು ಸಾಲು ಮಾತ್ರ ಒಂದೇ ತೆರನಾಗಿತ್ತು. ಬೆಳಿಗ್ಗೆ ಆರೂ ಹತ್ತು. ನೂರಾ ಹದಿನೆಂಟನೆಯ ಫೈಲು. ಹನ್ನೊಂದು ನಿಮಿಷ. ನಾನು ಹಿಂದೆ ಹಿಂದೆ ಸರಿಸುತ್ತ ಹೋದೆ. ನಿನ್ನೆ ಮೊನ್ನೆಯದಲ್ಲ, ವರ್ಷದ್ದು. ಅವಳ ದನಿ ಹೋದ ಮರುವಾರದಿಂದ ಮಂಗಳವಾರದವರೆಗೆ ಒಂದು ದಿನ ತಪ್ಪಿರಲಿಲ್ಲ. ಹೊರಗಿನ ಯಾವುದೋ ಮೊಬೈಲಿನಿಂದ ಒಬ್ಬರೇ ಬಂದು ಅದೊಂದನ್ನೇ ಕೇಳಿ ಹೋಗುತ್ತಿದ್ದರು. ಆ ಫೈಲು ಊರಿಗೆ ಕಾಣುವ ಪಟ್ಟಿಯಲ್ಲೇ ಇರಲಿಲ್ಲ. ಉಳಿದವಕ್ಕೆಲ್ಲ ಕಥೆಯ ಹೆಸರಿತ್ತು, ಇದಕ್ಕೆ ಬರೀ ನಂಬರ್. ಒತ್ತಿದರೆ ಪಾಸ್‌ವರ್ಡ್ ಕೇಳಿತು. ಮನೆಯದು ಹಾಕಿದೆ, ಅವಳ ತವರಿನ ಹೆಸರು ಹಾಕಿದೆ, ಮದುವೆಯ ತಾರೀಖು ಹಾಕಿದೆ. ತೆರೆಯಲಿಲ್ಲ. ಪಟ್ಟಿಯಲ್ಲಿಲ್ಲದ ಫೈಲು ಇಲ್ಲೊಂದು ಇದೆಯೆಂದು ಅವಳನ್ನು ಬಿಟ್ಟರೆ ಯಾರಿಗೆ ಗೊತ್ತಿರಬೇಕು? ಕೂಡಿಸಿದವನಿಗೆ.

ನಾನು ಸ್ಟೂಲಿನ ಮೇಲೆ ಎಷ್ಟು ಹೊತ್ತು ಕೂತಿದ್ದೆನೋ ತಿಳಿಯದು. ಹನ್ನೊಂದು ನಿಮಿಷದಲ್ಲಿ ಹೆಂಗಸೊಬ್ಬಳು ಗಂಡಸೊಬ್ಬನಿಗೆ ಏನೇನು ಹೇಳಬಹುದು ಎಂದು ಲೆಕ್ಕ ಹಾಕುತ್ತಿದ್ದೆ. ಜಿನದತ್ತ ಮಾಸ್ತರ ಮುಖ ತೊಳೆದು, ತಲೆ ಬಾಚಿ, ದಿಂಬಿಗೆ ಒರಗಿ ನನ್ನ ಹೆಂಡತಿಯ ದನಿಯನ್ನು ಕಿವಿಗೆ ಇಟ್ಟುಕೊಳ್ಳುವುದು ಕಣ್ಣಿಗೆ ಕಟ್ಟಿತು. ಒಳಗೆಲ್ಲ ಸುಟ್ಟ ತಂತಿಯ ವಾಸನೆ.

ಸಂಜೆ ಕಸ್ತೂರಿ ಬಂದು ಹುಬ್ಬು ಹಾರಿಸಿ ಕೇಳಿದಳು.

"ಇನ್ನೂ ಆಗವಲ್ದು," ಎಂದೆ.

ಶುಕ್ರವಾರವೂ ಅದನ್ನೇ ಹೇಳಿದೆ. ರೌಟರಿನಲ್ಲಿ ನಾಲ್ಕು ಸಾಲು ತುಂಬಿದರೆ ಮುಗಿಯುವ ಕೆಲಸ. ಬೇಕೆಂದೇ ಸ್ಟೂಲು ಹತ್ತಿ, ಸ್ಕ್ರೂ ಬಿಚ್ಚಿ, ಊದಿ, ಮತ್ತೆ ಹಾಕಿ ನಾಟಕ ಮಾಡಿದೆ. ನಾನು ಅಂಗಡಿಗೂ ಹೋಗಲಿಲ್ಲ. ಅವಳು ಅಡಿಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಹಾಸ್ಟೆಲಿನಿಂದ ಚೀಟಿ ಬಂದಿತ್ತು, ಮಕ್ಕಳು ಮಲಗುತ್ತಿಲ್ಲವೆಂದು. ಅದನ್ನು ತೋರಿಸಿದಳು. ನನಗೆ ಕನಿಕರ ಬರಲಿಲ್ಲ. ಊರಿನ ಮಕ್ಕಳೆಲ್ಲ ಎಚ್ಚರವಿದ್ದರೂ ಚಿಂತೆಯಿಲ್ಲ, ಆ ಒಬ್ಬನಿಗೆ ಮಾತ್ರ ಕೇಳಬಾರದು. ಅವಳು ಊಟದ ತಟ್ಟೆಯಲ್ಲಿ ಅರ್ಧ ರೊಟ್ಟಿ ಬಿಟ್ಟೆದ್ದಳು. ಅದೂ ಅವನಿಗಾಗಿಯೇ ಎಂದುಕೊಂಡೆ. ‘ಸರ್ ಅವರನ್ನ ಕರೀಲೇನು?’ ಎಂದು ಇನ್ನೊಮ್ಮೆ ಬರೆದಾಗ ನಾನು ಅವಳ ಕೈಯಿಂದ ಬಳಪ ಕಸಿದು ಕಿಟಕಿಯಿಂದ ಎಸೆದೆ. ಮಾತಾಡಬಲ್ಲವನು ಮಾತಾಡಲಾರದವಳಿಗೆ ಮಾಡಬಾರದ ಕೆಲಸವದು. ನಮ್ಮೂರಿನಲ್ಲಿ ಅದಕ್ಕೆ ಪಂಚಾಯಿತಿ ಸೇರುತ್ತದೆ. ಅವಳು ಯಾರಿಗೂ ಹೇಳಲಿಲ್ಲ. ಡಬ್ಬಿಯಿಂದ ಇನ್ನೊಂದು ತುಂಡು ತೆಗೆದುಕೊಂಡಳು.

ಶನಿವಾರ ಬೆಳಿಗ್ಗೆ ಅವಳು ವಾಕಿಂಗ್ ಹೊರಟ ಹತ್ತು ನಿಮಿಷಕ್ಕೆ ನಾನೂ ಹೊರಟೆ. ಆರೂ ಹತ್ತಕ್ಕೆ ಸರಿಯಾಗಿ ಜಿನದತ್ತನ ಮನೆಯಲ್ಲಿರಬೇಕು, ದನಿ ಸಿಗದೆ ಅವನು ಚಡಪಡಿಸುವುದನ್ನು ಕಣ್ಣಾರೆ ನೋಡಬೇಕು, ಆಮೇಲೆ ನಾಲ್ಕು ಮಾತು ಕೇಳಬೇಕು. ಅವನು ತಿರುಗಿ ಆಡಲಾರ, ಅವನಿಗೆ ಐವತ್ತೆರಡು. ಅದು ನನಗೆ ಅನುಕೂಲವಾಗಿಯೇ ಕಂಡಿತು.

ಕೆರೆಯ ಆಚೆಗೆ ಅವನ ಮನೆ. ಅಂಗಳದಲ್ಲಿ ಪಂಚೆ ಮೇಲೆತ್ತಿ ಕಟ್ಟಿ ಮೆಣಸಿನ ಗಿಡಗಳಿಗೆ ನೀರು ಹಾಕುತ್ತಿದ್ದ. ಗೇಟಿನ ಸದ್ದಿಗೆ ಈ ಕಡೆ ತಿರುಗಿದ, ಆದರೆ ಗುರುತು ಹಿಡಿಯಲು ನನ್ನ ಮುಖದ ಹತ್ತಿರ ಬಂದ. ಆಮೇಲೆ ಎರಡೂ ಕೈಯಿಂದ ನನ್ನ ಕೈ ಹಿಡಿದು ಕುಲುಕಿದ. ಪಾಟಿಯ ಮೇಲೆ ದೊಡ್ಡ ದೊಡ್ಡ ಅಕ್ಷರದಲ್ಲಿ ಬರೆದ. ‘ಕಣ್ಣಿಗೆ ಪೊರೆ. ಬರೂ ತಿಂಗಳು ಆಪರೇಶನ್. ಅಕ್ಕೋರು ಆರಾಮ?’

"ಆರಾಮ," ಎಂದೆ. "ಮಾಸ್ತರ, ನೀವು ಈಗೂ ಆಕಿ ಕಥಿ ಕೇಳ್ತೀರೇನು? ಫೋನ್‌ನ್ಯಾಗ?"

ಅವನು ಜೇಬಿನಿಂದ ಫೋನು ತೆಗೆದು ತೋರಿಸಿದ. ಒತ್ತುವ ಗುಂಡಿಗಳ ಸಣ್ಣ ಫೋನು. ಕರೆ ಬಂದರೆ ಮೊಮ್ಮಗಳ ಮಾತು ಕೇಳಿಸಿಕೊಳ್ಳಲು ಮಾತ್ರ, ಎಂದು ಬರೆದ. ಒರೆಸಿ ಮತ್ತೆ ಬರೆದ. ‘ಕೇಳಬೇಕಂತ ಆಸೆ. ಇದರಾಗ ಬರೂದಿಲ್ಲ. ಸರ್ವರ್ ಸರಿ ನಡದೈತಿ?’

ಚಹಾ ಕುಡಿದೇ ಹೋಗಬೇಕೆಂದು ಸನ್ನೆ ಮಾಡುತ್ತಿದ್ದವನನ್ನು ಬಿಡಿಸಿಕೊಂಡು ಹೊರಬಂದೆ. ನಾಲ್ಕು ಮಾತುಗಳು ಗಂಟಲಲ್ಲೇ ಉಳಿದವು.

ಬರುವಾಗ ಕೆರೆಯ ಏರಿಯ ಮೇಲೆ ಬಂದೆ. ಬಟ್ಟೆ ಒಗೆಯುವ ಮೆಟ್ಟಿಲುಗಳ ಕೊನೆಯಲ್ಲಿ, ಆಲದ ಬೇರಿನ ಮೇಲೆ ಹೆಂಗಸೊಬ್ಬಳು ಕೂತಿದ್ದಳು. ಕಿವಿಯಲ್ಲಿ ಇಯರ್‌ಫೋನು. ಮಡಿಲಲ್ಲಿ ಫೋನು. ಹೆಬ್ಬೆರಳಿನಿಂದ ಒತ್ತುವಳು, ಕಾಯುವಳು, ಮತ್ತೆ ಒತ್ತುವಳು. ಸೆರಗಿನಿಂದ ಕಣ್ಣೊರೆಸಿ ಮತ್ತೆ ಒತ್ತುವಳು. ಕಸ್ತೂರಿ. ಹದಿನಾಲ್ಕು ತಿಂಗಳಲ್ಲಿ ನಾನು ನೋಡದಿದ್ದ ಅಳುವನ್ನು ಅವಳು ದಿನಾ ಇಲ್ಲಿ ತಂದು ಅಳುತ್ತಿದ್ದಳು. ಬುಧವಾರ ಬೆಳಿಗ್ಗೆ ಯಾರೂ ಹೇಳದೆ ಅವಳಿಗೆ ಹೇಗೆ ಗೊತ್ತಾಗಿತ್ತೆಂದು ಆಗ ನನಗೆ ಹೊಳೆಯಿತು.

ಅವಳ ಕಣ್ಣಿಗೆ ಬೀಳದೆ ಹಿಂದಿನ ಓಣಿಯಿಂದ ಮನೆಗೆ ಓಡಿದೆ. ನಲವತ್ತೊಂಬತ್ತರ ಮೊಣಕಾಲು ಓಡಿದ ಹಾಗೆ. ರೌಟರಿನ ಪುಟ ತೆರೆದು ನಾಲ್ಕು ಸಾಲು ತುಂಬಿದೆ. ಅವಸರಕ್ಕೆ ಪೋರ್ಟ್ ನಂಬರ್ ಎರಡು ಸಲ ತಪ್ಪಾಯಿತು. ಉಳಿಸಿ, ಟಿವಿಯ ಮೇಲೆ ಲಾಗ್ ತೆರೆದು ಕೂತೆ. ಒಂದು ನಿಮಿಷ ಏನೂ ಇಲ್ಲ. ಅವಳು ಎದ್ದು ಹೊರಟಿರಬಹುದು. ಎರಡು ನಿಮಿಷ. ಆಮೇಲೆ ತಳದಲ್ಲಿ ಒಂದು ಸಾಲು ಮೂಡಿತು. ಆರೂ ಐವತ್ತೆರಡು, ನೂರಾ ಹದಿನೆಂಟು. ಅವಳು ಅಲ್ಲಿ ಕೇಳಿ ಮುಗಿಸುವವರೆಗೆ ನಾನು ಇಲ್ಲಿ ಆ ಸಾಲನ್ನು ನೋಡುತ್ತ ಕೂತಿದ್ದೆ.

ಏಳೂವರೆಗೆ ಬಂದಳು. ಮುಖ ತೊಳೆದುಕೊಂಡಿದ್ದಳು. ‘ಸರಿ ಆಗೇತಿ!’ ಎಂದು ಬರೆದು ನನ್ನ ಬೆನ್ನು ತಟ್ಟಿದಳು. ಆ ಶಭಾಸ್‌ಗಿರಿಯನ್ನು ನನ್ನಿಂದ ನುಂಗಲಾಗಲಿಲ್ಲ.

"ಗುರುವಾರನ ಸರಿ ಆಗತಿತ್ತು. ನಾನ ತಗೀಲಿಲ್ಲ. ದಿನಾ ಮುಂಜಾನೆ ಒಂದ ಫೈಲ್ ಕೇಳಾಂವ ಜಿನದತ್ತ ಮಾಸ್ತರ ಅಂದ್ಕೊಂಡೆ."

ಅವಳ ಹೆಗಲುಗಳು ಕುಲುಕತೊಡಗಿದವು. ನಗುತ್ತಿದ್ದಳು, ಸದ್ದಿಲ್ಲದೆ, ಕಣ್ಣಲ್ಲಿ ನೀರು ಬರುವಷ್ಟು. ನಾನೂ ನಗಲು ಹೋದೆ. ಅಷ್ಟರಲ್ಲಿ ಅವಳ ನಗು ನಿಂತಿತ್ತು. ಪಾಟಿಯ ಮೇಲೆ ಬಳಪ ಕಿರ್ರೆಂದಿತು. ‘ನಾಕು ದಿನ!’ ಅದನ್ನು ನನ್ನ ಎದೆಗೆ ಒತ್ತಿ ಹಿಡಿದು ನಿಂತಳು. ಆಮೇಲೆ ಪಾಟಿಯನ್ನು ಕೊರಳಿಂದ ತೆಗೆದು ಗೂಟಕ್ಕೆ ಹಾಕಿದಳು.

ಮೂರು ದಿನ ಅದು ಗೂಟದಲ್ಲೇ ಇತ್ತು. ಅಡಿಗೆ ಮಾಡಿಟ್ಟು ಪಾತ್ರೆ ಬಡಿದು ತಿಳಿಸುತ್ತಿದ್ದಳು. ಮನೆಯಲ್ಲಿ ನನ್ನದೊಂದೇ ದನಿ ಓಡಾಡಿತು. ತಪ್ಪಾಯಿತೆಂದು ಅಡಿಗೆಮನೆಯ ಬಾಗಿಲಿಗೆ ಹೇಳಿದೆ, ಹಿತ್ತಲಿಗೆ ಹೇಳಿದೆ, ಮಡಚಿಟ್ಟ ಅವಳ ಸೀರೆಗಳಿಗೆ ಹೇಳಿದೆ. ಉತ್ತರ ಬರದ ಮನೆಯಲ್ಲಿ ಮಾತಾಡುವುದು ಎಷ್ಟು ಕಷ್ಟವೆಂದು ತಿಳಿಯಿತು. ಎರಡನೆಯ ದಿನ ಮೆತ್ತಗೆ ಕೇಳಿದೆ. "ಮನ್ಯಾಗನ ಕೇಳಬಹುದಿತ್ತಲ್ಲ? ಕೆರಿ ತನಕ ಯಾಕ ಹೋಗತಿ?" ಅವಳು ಹಿಟ್ಟು ನಾದುತ್ತಿದ್ದಳು. ಪರಾತದಲ್ಲಿ ಚೆಲ್ಲಿದ ಹಿಟ್ಟಿನ ಮೇಲೆ ಬೆರಳಿಂದ ‘ನಾಚಿಕಿ’ ಎಂದು ಬರೆದಳು. ನಾನು ಓದಿದ ತಕ್ಷಣ ಅಳಿಸಿ ನಾದಿಬಿಟ್ಟಳು.

ಬುಧವಾರ ಬೆಳಿಗ್ಗೆ ಅವಳು ನನ್ನನ್ನು ಅಲುಗಿಸಿ ಎಬ್ಬಿಸಿದಳು. ಅಂಗಿ ಎಸೆದು ಬಾಗಿಲತ್ತ ಕೈ ತೋರಿದಳು. ಕೆರೆಯವರೆಗೆ ಹಿಂದೆ ಹಿಂದೆ ನಡೆದೆ. ಆಲದ ಬೇರಿನ ಮೇಲೆ ಸರಿದು ಜಾಗ ಮಾಡಿದಳು. ಇಯರ್‌ಫೋನಿನ ಒಂದು ತುದಿಯನ್ನು ತನ್ನ ಕಿವಿಗೂ ಇನ್ನೊಂದನ್ನು ನನ್ನ ಕಿವಿಗೂ ಸಿಕ್ಕಿಸಿ ಪಾಸ್‌ವರ್ಡ್ ಒತ್ತಿದಳು. ಅದು ಏನೆಂದು ನಾನು ನೋಡಲಿಲ್ಲ.

ಕಥೆಯಲ್ಲ. ಯಾವುದೋ ಸಂಜೆ ಮೈಕು ಆರಿಸಲು ಮರೆತು ಎದ್ದಿರಬೇಕು. ಬಾಗಿಲು ತೆರೆದ ಸದ್ದು. ನೀರು ಕುಡಿದ ಸದ್ದು. ಆಮೇಲೆ ಅವಳು. ಮುನ್ನೂರು ಕಥೆಗಳ ಆ ನಿಧಾನದ ದನಿಯಲ್ಲ, ಅವಸರದ್ದು, ಮೇಲೆ ಕೆಳಗೆ ಹಾರುವುದು, ನಡುನಡುವೆ ತನ್ನ ಮಾತಿಗೆ ತಾನೇ ನಗುವುದು. ಹೆಡ್‌ಮಾಸ್ತರರ ಮೇಜಿನ ಕೆಳಗೆ ಬೆಕ್ಕು ಮರಿ ಹಾಕಿದ್ದು, ಅವರು ಮೂರು ದಿನ ಕಾಲೆತ್ತಿ ಕೂತೇ ಕೆಲಸ ಮಾಡಿದ್ದು. ಹಾಗಲಕಾಯಿ ಪಲ್ಯಕ್ಕೆ ಬೆಲ್ಲ ಹಾಕಲೋ ಬೇಡವೋ. ಬಾಗಿಲ ಪರದೆಗೆ ನೀಲಿ ಬೇಕೋ ಹಸಿರು ಬೇಕೋ. ಕಿವಿಯ ಹತ್ತಿರ ಅಷ್ಟು ಮಾತು, ಅಷ್ಟು ಧಾರಾಳ, ನಾಳೆಯೂ ಇರುತ್ತದೆಂಬ ಹಾಗೆ ಚೆಲ್ಲುತ್ತಿದ್ದಳು. ಎಲ್ಲವನ್ನೂ ಒಬ್ಬ ಗಂಡಸಿಗೆ ಹೇಳುತ್ತಿದ್ದಳು. ಅವನು ಪೇಪರು ಮಗುಚುತ್ತ ನನ್ನದೇ ದನಿಯಲ್ಲಿ "ಹೂಂ" ಎನ್ನುತ್ತಿದ್ದ. ಬೆಕ್ಕಿನ ಕಥೆಗೆ ಹೂಂ. ಹಾಗಲಕಾಯಿಗೆ ಹೂಂ. ನೀಲಿಯೋ ಹಸಿರೋ ಎಂದರೂ ಹೂಂ.

ಜಿನದತ್ತನ ಮೇಲೆ ಕೂಡ ನನಗೆ ಅಷ್ಟು ಹೊಟ್ಟೆಕಿಚ್ಚಾಗಿರಲಿಲ್ಲ. ಆ ಹೂಂಗುಟ್ಟುವವನ ಕೊರಳಪಟ್ಟಿ ಹಿಡಿದು ಎಬ್ಬಿಸಿ, ಅವನ ಕುರ್ಚಿಯಲ್ಲಿ ನಾನು ಕೂರಬೇಕೆನಿಸಿತು. ಅವನ ಮುಂದೆ ಅದೆಲ್ಲ ಸುರಿಯುತ್ತಿತ್ತು, ಅವನು ತಲೆಯನ್ನೂ ಎತ್ತಲಿಲ್ಲ.

"ನಾ ಹೇಳೂದು ಕೇಳಾಕತ್ತೀರೋ ಇಲ್ರೋ?" ಎಂದಳು ಕಿವಿಯಲ್ಲಿ.

"ಹೂಂ," ಎಂದ ಅವನು.

"ಕೇಳಾಕತ್ತೀನಿ, ಹೇಳು," ಎಂದೆ ನಾನು, ಗಟ್ಟಿಯಾಗಿ. ಮೆಟ್ಟಿಲ ಮೇಲೆ ಬಟ್ಟೆ ಒಗೆಯುತ್ತಿದ್ದವರು ಕತ್ತೆತ್ತಿ ನೋಡಿದರು. ಕಸ್ತೂರಿ ನನ್ನ ಕಡೆ ತಿರುಗಲಿಲ್ಲ. ನೀರನ್ನೇ ನೋಡುತ್ತ, ಹೆಬ್ಬೆರಳಿನಿಂದ ಫೈಲನ್ನು ಹಿಂದಕ್ಕೆ ಎಳೆದು ಮೊದಲಿನಿಂದ ಹಚ್ಚಿದಳು.